ಅಮೆರಿಕದ ಶಾಲೆಗಳಲ್ಲಿ ಅಮೆರಿಕದ ಇತಿಹಾಸ: ಒಂದು ಅಧ್ಯಾಯದ ಕಥೆ

ಒಂದು ದೇಶದ ಇತಿಹಾಸವನ್ನು ವಿದ್ವಾಂಸರಿಗಾಗಿ ಬರೆಯುವುದು ಬೇರೆ, ಅದನ್ನೇ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿಕೊಡುವುದು ಬೇರೆ. ವಿದ್ವಾಂಸನೊಬ್ಬನ ತಪ್ಪನ್ನು ಮತ್ತೊಬ್ಬ ವಿದ್ವಾಂಸನು ಎತ್ತಿ ತೋರಿಸಿ ತಿದ್ದುತ್ತಾನೆ. ಹಾನಿ ಗ್ರಂಥಾಲಯದ ಗೋಡೆಗಳ ಒಳಗೇ ಉಳಿಯುತ್ತದೆ. ಶಾಲೆಯ ಪುಸ್ತಕದ ತಪ್ಪು ಅಂಥದಲ್ಲ. ಅದು ಲಕ್ಷಾಂತರ ಎಳೆಯ ಮನಸ್ಸುಗಳಲ್ಲಿ ಬೇರು ಬಿಡುತ್ತದೆ. ಆ ಮಕ್ಕಳು ಬೆಳೆದು ಮತ ನೀಡುವಾಗ, ನ್ಯಾಯಪೀಠದಲ್ಲಿ ಕುಳಿತು ತೀರ್ಪು ಹೇಳುವಾಗ, ತಮ್ಮ ಮಕ್ಕಳಿಗೆ ಮತ್ತೆ ಅದೇ ಕಥೆಯನ್ನು ಹೇಳುವಾಗ ಫಲ ಕೊಡುತ್ತದೆ. ಈ ಮಾತಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಶಾಲೆಗಳು ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತವೆ. ಸ್ವದೇಶದ ಇತಿಹಾಸವನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂಬ ವಿವಾದ ಆ ದೇಶದಲ್ಲಿ ನೂರು ವರ್ಷಗಳಿಗೂ ಹಳೆಯದು. ಇಂದಿಗೂ ಅದು ಮುಗಿದಿಲ್ಲ. ಅಂತರ್ಯುದ್ಧದ ತರುವಾಯದ ಹನ್ನೆರಡು ವರ್ಷಗಳ ಚರಿತ್ರೆಯನ್ನು, ಅಂದರೆ ಪಠ್ಯಪುಸ್ತಕದ ಒಂದೇ ಒಂದು ಅಧ್ಯಾಯವನ್ನು, ಮುಖ್ಯ ಆಧಾರವಾಗಿಟ್ಟುಕೊಂಡು ಆ ವಿವಾದದ ಸ್ವರೂಪವನ್ನೂ ಅದರಿಂದ ಹೊರಟ ಬೋಧನಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧. ಪಾಠವನ್ನು ಗೊತ್ತುಮಾಡುವವರು

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಇತಿಹಾಸದ ಪಠ್ಯಕ್ರಮವೆಂಬುದಿಲ್ಲ. ೧೭೮೭ರಲ್ಲಿ ರಚಿತವಾದ ರಾಜ್ಯಾಂಗದಲ್ಲಿ ವಿದ್ಯಾಭ್ಯಾಸದ ಪ್ರಸ್ತಾಪವೇ ಇಲ್ಲ. ಕೇಂದ್ರಕ್ಕೆ ಒಪ್ಪಿಸದೆ ಉಳಿದ ಅಧಿಕಾರಗಳು ರಾಜ್ಯಗಳಿಗೂ ಜನತೆಗೂ ಸೇರಿದುವೆಂದು ೧೭೯೧ರ ಹತ್ತನೆಯ ತಿದ್ದುಪಡಿ ಹೇಳಿತು. ಆದ್ದರಿಂದ ಶಾಲೆಯ ವಿಷಯ ರಾಜ್ಯಗಳ ವಶದಲ್ಲಿ ಉಳಿಯಿತು. ರಾಜ್ಯಗಳು ಅದರ ಬಹುಭಾಗವನ್ನು ಸ್ಥಳೀಯ ಶಾಲಾಮಂಡಲಗಳಿಗೆ ಬಿಟ್ಟುಕೊಟ್ಟವು. ಅಂಥ ಮಂಡಲಗಳು ಈಗ ಹದಿಮೂರು ಸಾವಿರದಷ್ಟಿವೆ. ಸಾಮಾನ್ಯವಾಗಿ ನಾಲ್ಕನೆಯ ತರಗತಿಯಲ್ಲಿ ತನ್ನ ರಾಜ್ಯದ ಇತಿಹಾಸವನ್ನೂ, ಐದು, ಎಂಟು, ಹನ್ನೊಂದನೆಯ ತರಗತಿಗಳಲ್ಲಿ ದೇಶದ ಇತಿಹಾಸವನ್ನೂ ವಿದ್ಯಾರ್ಥಿ ಓದುತ್ತಾನೆ. ಇದು ಕೂಡ ರೂಢಿಯಿಂದ ಬಂದದ್ದೇ ಹೊರತು ಕೇಂದ್ರದ ಕಟ್ಟಳೆಯಿಂದ ಬಂದದ್ದಲ್ಲ.

ಗಣರಾಜ್ಯದ ಆರಂಭದಲ್ಲಿ ಇತಿಹಾಸದ ಪಾಠಕ್ಕೆ ಒಂದೇ ಗುರಿಯಿತ್ತು. ಹದಿಮೂರು ವಸಾಹತುಗಳ ಜನರನ್ನು ಒಂದು ಜನಾಂಗವಾಗಿ ಬೆಸೆಯುವುದು ಆ ಗುರಿ. ನೋಹ ವೆಬ್‌ಸ್ಟರನು ೧೭೮೩ರಲ್ಲಿ ಕಾಗುಣಿತದ ಪುಸ್ತಕವನ್ನು ಹೊರತಂದದ್ದು ಈ ಉದ್ದೇಶದಿಂದಲೇ. ೧೮೨೭ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಐನೂರು ಕುಟುಂಬಗಳಿರುವ ಊರುಗಳ ಶಾಲೆಯಲ್ಲಿ ಸ್ವದೇಶದ ಇತಿಹಾಸವನ್ನು ಕಲಿಸಬೇಕೆಂದು ಕಾನೂನು ಮಾಡಿತು. ಆ ಕಾಲದ ಪಾಠಗಳಲ್ಲಿ ವೀರರ ಚರಿತ್ರೆಯೇ ಹೆಚ್ಚು. ಬಾಲಕ ವಾಷಿಂಗ್‌ಟನ್ನನು ಕೊಡಲಿಯಿಂದ ಚೆರ್ರಿ ಗಿಡವನ್ನು ಕಡಿದು, ತಂದೆಯ ಮುಂದೆ ಸತ್ಯವನ್ನೇ ಒಪ್ಪಿಕೊಂಡನೆಂಬ ಕಥೆ ಜಗತ್ಪ್ರಸಿದ್ಧವಷ್ಟೆ. ಅದನ್ನು ಮೇಸನ್ ವೀಮ್ಸ್ ಎಂಬ ಪಾದ್ರಿ ತಾನು ಬರೆದ ಜೀವನಚರಿತ್ರೆಯ ೧೮೦೬ರ ಆವೃತ್ತಿಯಲ್ಲಿ ಸೇರಿಸಿದನು. ಅದಕ್ಕೆ ಬೇರೆ ಆಧಾರವಿಲ್ಲ. ಸತ್ಯವನ್ನು ನುಡಿಯಬೇಕೆಂದು ಮಕ್ಕಳಿಗೆ ಬೋಧಿಸಲು ನಡೆಯದ ಪ್ರಸಂಗವೊಂದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸಲಾಯಿತು.

ಪುಸ್ತಕದ ವ್ಯಾಪಾರವೂ ಪಾಠದ ಮೇಲೆ ತನ್ನ ಮುದ್ರೆಯನ್ನೊತ್ತಿತು. ಟೆಕ್ಸಸ್, ಕ್ಯಾಲಿಫೋರ್ನಿಯಾಗಳಂಥ ದೊಡ್ಡ ರಾಜ್ಯಗಳಲ್ಲಿ ಪುಸ್ತಕಗಳಿಗೆ ಒಪ್ಪಿಗೆ ನೀಡುವ ಅಧಿಕಾರ ರಾಜ್ಯ ಮಂಡಲಿಯದು. ಟೆಕ್ಸಸ್‌ನ ಮಂಡಲಿಯಲ್ಲಿ ಚುನಾಯಿತರಾದ ಹದಿನೈದು ಸದಸ್ಯರಿದ್ದಾರೆ; ಅಲ್ಲಿಯ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳು ಐವತ್ತು ಲಕ್ಷಕ್ಕೂ ಮೇಲ್ಪಟ್ಟಿದ್ದಾರೆ. ಇಂಥ ಗಿರಾಕಿಯ ಅಸಮಾಧಾನವನ್ನು ಯಾವ ಪ್ರಕಾಶಕನೂ ತಂದುಕೊಳ್ಳಲಾರ. ೨೦೨೦ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಒಂದೇ ಪ್ರಕಾಶಕರ, ಒಂದೇ ಹೆಸರಿನ ಇತಿಹಾಸ ಪುಸ್ತಕಗಳ ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾ ಆವೃತ್ತಿಗಳನ್ನು ಎದುರುಬದುರಾಗಿಟ್ಟು ನೋಡಿ, ಎಷ್ಟೋ ಕಡೆಗಳಲ್ಲಿ ವ್ಯತ್ಯಾಸಗಳನ್ನು ತೋರಿಸಿತು. ಒಂದು ಪದವೂ ಇಲ್ಲಿ ಸಣ್ಣದಲ್ಲ. ೨೦೧೫ರಲ್ಲಿ ಟೆಕ್ಸಸ್‌ನ ಶಾಲೆಗಳಲ್ಲಿದ್ದ ಭೂಗೋಳ ಪುಸ್ತಕವೊಂದರ ನಕ್ಷೆಯ ಕೆಳಗೆ, ಆಫ್ರಿಕಾದಿಂದ ತರಲ್ಪಟ್ಟ ಗುಲಾಮರನ್ನು ‘ಕೆಲಸಗಾರರು’ ಎಂದು ಬರೆಯಲಾಗಿತ್ತು. ಕೂಲಿಯಿಲ್ಲದೆ, ಸರಪಳಿಯಲ್ಲಿ ಬಂದವರಿಗೆ ಆ ಹೆಸರು ಸಲ್ಲುವುದೆಂತು? ವಿದ್ಯಾರ್ಥಿಯೊಬ್ಬನ ತಾಯಿ ಅದನ್ನು ಬಹಿರಂಗಪಡಿಸಿದ ಮೇಲೆ ಪ್ರಕಾಶಕರು ತಪ್ಪೊಪ್ಪಿ ತಿದ್ದಬೇಕಾಯಿತು.

೨. ನಡೆದದ್ದೇನು, ಕಲಿಸಿದ್ದೇನು

ಪದಗಳ ಈ ಕಾದಾಟ ಅತ್ಯಂತ ಉಗ್ರವಾಗಿ ನಡೆದದ್ದು ‘ಪುನರ್ರಚನೆಯ ಕಾಲ’ ಎಂದು ಕರೆಯಲ್ಪಡುವ ೧೮೬೫ರಿಂದ ೧೮೭೭ರ ವರೆಗಿನ ಅವಧಿಯ ವಿಷಯದಲ್ಲಿ. ಈ ಅವಧಿಯ ಮುಖ್ಯ ಸಂಗತಿಗಳು ಹೀಗಿವೆ. ನಾಲ್ಕು ವರ್ಷಗಳ ಅಂತರ್ಯುದ್ಧ ೧೮೬೫ರಲ್ಲಿ ಮುಗಿದಾಗ ನಲವತ್ತು ಲಕ್ಷದಷ್ಟು ಗುಲಾಮರು ಬಿಡುಗಡೆ ಹೊಂದಿದರು. ಅದೇ ವರ್ಷ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯು ಅಮೆರಿಕದ ನೆಲದಲ್ಲಿ ಹುಟ್ಟಿ ಅದರ ಆಡಳಿತಕ್ಕೆ ಒಳಪಟ್ಟವರೆಲ್ಲರೂ ಅದರ ಪೌರರೆಂದು ಸಾರಿತು. ಜನಾಂಗದ ಕಾರಣದಿಂದ ಮತದ ಹಕ್ಕನ್ನು ಕಿತ್ತುಕೊಳ್ಳಕೂಡದೆಂದು ೧೮೭೦ರ ಹದಿನೈದನೆಯ ತಿದ್ದುಪಡಿ ವಿಧಿಸಿತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರೂ ಬಿಳಿಯರೂ ಸೇರಿ ಹೊಸ ಶಾಸನಸಭೆಗಳನ್ನು ರಚಿಸಿಕೊಂಡರು. ೧೮೭೦ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸನು ಸೆನೆಟ್ ಸಭೆಯನ್ನು ಪ್ರವೇಶಿಸಿದ ಮೊದಲನೆಯ ಕರಿಯನಾದನು. ಒಟ್ಟು ಹದಿನಾರು ಮಂದಿ ಕರಿಯರು ಆ ಕಾಲದಲ್ಲಿ ಕಾಂಗ್ರೆಸ್ಸಿನ ಉಭಯ ಸಭೆಗಳಲ್ಲಿ ಕುಳಿತರು. ದಕ್ಷಿಣದಲ್ಲಿ ಸರ್ವರಿಗೂ ಸಾರ್ವಜನಿಕ ಶಾಲೆಯ ವ್ಯವಸ್ಥೆ ನೆಲೆಗೊಂಡದ್ದು ಈ ಸರ್ಕಾರಗಳ ಕೈಯಿಂದ.

ಇದಕ್ಕೆ ಪ್ರತಿಯಾಗಿ ಕು ಕ್ಲಕ್ಸ್ ಕ್ಲಾನ್ ಮೊದಲಾದ ಗುಪ್ತಪಡೆಗಳು ಕೊಲೆಯಿಂದಲೂ ಬೆದರಿಕೆಯಿಂದಲೂ ಮತದಾರರನ್ನು ಹಿಮ್ಮೆಟ್ಟಿಸಿದವು. ೧೮೭೭ರಲ್ಲಿ ಕೇಂದ್ರ ಸರ್ಕಾರವು ತನ್ನ ಸೈನ್ಯದ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ೧೮೯೦ರ ಮಿಸಿಸಿಪ್ಪಿ ರಾಜ್ಯಾಂಗವು ತೆರಿಗೆ, ಅಕ್ಷರಪರೀಕ್ಷೆಗಳ ಮೂಲಕ ಕರಿಯರ ಮತವನ್ನು ಕಸಿದುಕೊಂಡಿತು; ಉಳಿದ ರಾಜ್ಯಗಳು ಅದೇ ದಾರಿಯನ್ನು ಹಿಡಿದವು. ೧೯೦೧ರಿಂದ ೧೯೨೯ರ ವರೆಗೆ ಕಾಂಗ್ರೆಸ್ಸಿನಲ್ಲಿ ಒಬ್ಬನೇ ಒಬ್ಬ ಕರಿಯನೂ ಇರಲಿಲ್ಲ.

ಶಾಲೆಯ ಪುಸ್ತಕಗಳು ಹೇಳಿದ ಕಥೆ ಬೇರೆ. ಅವುಗಳ ಪ್ರಕಾರ ಪುನರ್ರಚನೆಯೆಂಬುದು ಗೆದ್ದ ಉತ್ತರದವರು ಸೋತ ದಕ್ಷಿಣದ ಮೇಲೆ ತೀರಿಸಿಕೊಂಡ ಸೇಡು. ಉತ್ತರದಿಂದ ಜಮಖಾನೆ ಬಟ್ಟೆಯ ಚೀಲಗಳನ್ನು ಹಿಡಿದು ಬಂದ ಲೂಟಿಕೋರರು, ಏನೂ ತಿಳಿಯದ ಕರಿಯರನ್ನು ಮುಂದಿಟ್ಟುಕೊಂಡು ಬೊಕ್ಕಸವನ್ನು ಬರಿದುಮಾಡಿದರು. ಕೊನೆಗೆ ಸ್ಥಳೀಯ ಬಿಳಿಯರು ರಾಜ್ಯಗಳನ್ನು ‘ಉದ್ಧಾರ’ ಮಾಡಿಕೊಂಡರು. ಈ ಕಥೆಗೆ ಪಾಂಡಿತ್ಯದ ಮೆರುಗನ್ನು ಕೊಟ್ಟವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಡನಿಂಗ್ ಮತ್ತು ಅವನ ಶಿಷ್ಯರು. ಅದನ್ನು ಊರೂರಿನ ಶಾಲೆಗಳಿಗೆ ಮುಟ್ಟಿಸಿದವರು, ಸೋತ ದಕ್ಷಿಣದ ಸೈನಿಕರ ವಂಶದ ಮಹಿಳೆಯರು ೧೮೯೪ರಲ್ಲಿ ಕಟ್ಟಿಕೊಂಡ ಸಂಘದವರು. ಆ ಸಂಘದಲ್ಲಿ ಇತಿಹಾಸಕಾರ್ತಿಯಾಗಿ ದುಡಿದಿದ್ದ ಮಿಲ್‌ಡ್ರೆಡ್ ರದರ್‌ಫರ್ಡ್ ಎಂಬಾಕೆ ೧೯೧೯–೨೦ರ ಸುಮಾರಿನಲ್ಲಿ ಪಠ್ಯಪುಸ್ತಕಗಳನ್ನು ಅಳೆಯುವ ‘ಅಳತೆಗೋಲು’ ಒಂದನ್ನು ಪ್ರಕಟಿಸಿದಳು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳುವುದಕ್ಕಾಗಿ ಯುದ್ಧಮಾಡಿದರೆಂದು ಹೇಳುವ ಪುಸ್ತಕವನ್ನು ತಿರಸ್ಕರಿಸಬೇಕು. ಗುಲಾಮರ ಒಡೆಯರನ್ನು ಕ್ರೂರಿಗಳೆಂದು ಬಣ್ಣಿಸುವುದನ್ನು ತಿರಸ್ಕರಿಸಬೇಕು. ಗ್ರಂಥಾಲಯದಲ್ಲಿ ಅಂಥದು ಇದ್ದರೆ ಅದು ದಕ್ಷಿಣಕ್ಕೆ ಅನ್ಯಾಯ ಮಾಡುವ ಪುಸ್ತಕವೆಂದು ಹೊದಿಕೆಯ ಮೇಲೆ ಬರೆದಿಡಬೇಕು ಎಂಬುದು ಅದರ ಉಪದೇಶ. ಪ್ರಕಾಶಕರು ಈ ಅಳತೆಗೋಲಿಗೆ ತಲೆಬಾಗಿದರು. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಪುಸ್ತಕವನ್ನು ಅಚ್ಚುಹಾಕುವುದಕ್ಕಿಂತ ಯಾರಿಗೂ ನೋವಾಗದ ಒಂದನ್ನೇ ಅಚ್ಚುಹಾಕುವುದು ಲಾಭದಾಯಕ. ‘ಯಾರಿಗೂ’ ಎಂಬ ಲೆಕ್ಕದಲ್ಲಿ ಕರಿಯರು ಸೇರಿರಲಿಲ್ಲ.

ಇದಕ್ಕೆ ಉತ್ತರ ಬರಲಿಲ್ಲವೆಂದಲ್ಲ. ೧೯೦೯ರ ಡಿಸೆಂಬರಿನಲ್ಲಿ ಅಮೆರಿಕದ ಇತಿಹಾಸ ಪರಿಷತ್ತಿನ ಅಧಿವೇಶನದಲ್ಲಿ ಡಬ್ಲ್ಯು. ಇ. ಬಿ. ಡು ಬಾಯ್ಸ್ ಎಂಬ ಕರಿಯ ವಿದ್ವಾಂಸನು ಪುನರ್ರಚನೆಯಿಂದಾದ ಪ್ರಯೋಜನಗಳನ್ನು ಕುರಿತು ಪ್ರಬಂಧವನ್ನೋದಿದನು. ಮರುವರ್ಷ ಅದು ಪರಿಷತ್ತಿನ ಪತ್ರಿಕೆಯಲ್ಲಿ ಅಚ್ಚಾಯಿತು. ೧೯೩೫ರಲ್ಲಿ ಆತನು ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕಾ’ ಎಂಬ ಮಹಾಗ್ರಂಥವನ್ನು ಹೊರತಂದು, ಕೊನೆಯ ಅಧ್ಯಾಯವನ್ನು ಶಾಲಾಪುಸ್ತಕಗಳ ಪರೀಕ್ಷೆಗೇ ಮೀಸಲಿಟ್ಟನು. ಕರಿಯರೆಲ್ಲರೂ ಅಜ್ಞಾನಿಗಳು, ಕರಿಯರೆಲ್ಲರೂ ಸೋಮಾರಿಗಳು, ಅಪ್ರಾಮಾಣಿಕರು, ದುಂದುಗಾರರು, ದುರಾಡಳಿತಕ್ಕೆಲ್ಲ ಅವರೇ ಹೊಣೆ—ಈ ಮೂರು ಮಾತುಗಳನ್ನೇ ಅಮೆರಿಕದ ಮಗು ಪುನರ್ರಚನೆಯ ಹೆಸರಿನಲ್ಲಿ ಕಲಿಯುತ್ತಿದೆಯೆಂದು ಆತನು ತೋರಿಸಿಕೊಟ್ಟನು. ಕಾರ್ಟರ್ ವುಡ್‌ಸನ್ನನು ೧೯೧೫ರಲ್ಲಿ ಕರಿಯರ ಇತಿಹಾಸದ ಅಧ್ಯಯನಕ್ಕೆಂದೇ ಒಂದು ಸಂಘವನ್ನು ಸ್ಥಾಪಿಸಿ, ೧೯೨೬ರ ಫೆಬ್ರವರಿಯಲ್ಲಿ ಒಂದು ವಾರವನ್ನು ಆ ಇತಿಹಾಸದ ಬೋಧನೆಗಾಗಿ ಗೊತ್ತುಮಾಡಿದನು. ಲಿಂಕನ್ನನ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ವಾಗ್ಮಿ ಫ್ರೆಡರಿಕ್ ಡಗ್ಲಾಸನ ಜನ್ಮದಿನಗಳು ಆ ವಾರದಲ್ಲಿ ಬೀಳುತ್ತವೆ. ೧೯೭೬ರಿಂದ ಆ ವಾರ ತಿಂಗಳಾಗಿ ಬೆಳೆದಿದೆ. ಆದರೆ ಅಂದಿನ ಬಿಳಿಯರ ಶಾಲೆಗಳ ಬಾಗಿಲನ್ನು ಈ ಯಾವುದೂ ತೆರೆಯಲಿಲ್ಲ.

ಫಲವೇನಾಯಿತು? ಮತದ ಹಕ್ಕನ್ನು ಕರಿಯರಿಗೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ‘ಇತಿಹಾಸವೇ ಸಾಕ್ಷಿ’ ಎಂದು ಮೂರು ತಲೆಮಾರುಗಳು ನಂಬಿದವು. ಕುಲೀನರು, ವಿದ್ಯಾವಂತರು, ಕೆಟ್ಟ ಮನಸ್ಸಿಲ್ಲದವರು ಸಹ ನಂಬಿದರು. ಏಕೆಂದರೆ ಅವರು ಅದನ್ನು ಶಾಲೆಯಲ್ಲಿ ಕಲಿತಿದ್ದರು. ೧೯೫೪ರಲ್ಲಿ ಸುಪ್ರೀಂ ಕೋರ್ಟು ಜನಾಂಗಭೇದದ ಶಾಲೆಗಳನ್ನು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಮಾನಿಸಿದ ಮೇಲೂ ವರ್ಜೀನಿಯಾ ರಾಜ್ಯವು ತಾನೇ ಬರೆಯಿಸಿದ ಪುಸ್ತಕಗಳನ್ನು ೧೯೫೭ರಿಂದ ಮಕ್ಕಳ ಕೈಗಿತ್ತಿತು. ಏಳನೆಯ ತರಗತಿಯ ಪುಸ್ತಕದಲ್ಲಿ ಒಂದು ಚಿತ್ರವಿತ್ತು: ಒಳ್ಳೆಯ ಉಡುಪು ಧರಿಸಿದ ಆಫ್ರಿಕನ್ ಸಂಸಾರವೊಂದು ಹಡಗಿನ ಮೇಲೆ ನಿಂತಿದೆ, ಬಿಳಿಯನೊಬ್ಬನು ಮನೆಯ ಯಜಮಾನನ ಕೈಕುಲುಕಿ ಬರಮಾಡಿಕೊಳ್ಳುತ್ತಿದ್ದಾನೆ. ಗುಲಾಮರ ಹಡಗಿನ ಆ ಚಿತ್ರವನ್ನು ನೋಡುತ್ತ ವರ್ಜೀನಿಯಾದ ಮಕ್ಕಳು ೧೯೭೦ರ ದಶಕದ ವರೆಗೆ ಪಾಠ ಕಲಿತರು.

೩. ತಿದ್ದುವ ಯತ್ನ

ಜಾನ್ ಹೋಪ್ ಫ್ರಾಂಕ್ಲಿನ್ ೧೯೬೧ರಲ್ಲಿಯೂ ಎರಿಕ್ ಫೋನರ್ ೧೯೮೮ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ವಿದ್ವತ್ತಿನ ಕ್ಷೇತ್ರದಲ್ಲಿ ಹಳೆಯ ಕಥೆಯನ್ನು ತಳ್ಳಿಹಾಕಿದವು. ಶಾಲೆಯಲ್ಲಿ ಆ ಕೆಲಸ ಅಷ್ಟು ಸುಲಭವಾಗಲಿಲ್ಲ. ೧೯೭೪ರಲ್ಲಿ ಜೇಮ್ಸ್ ಲೋವನ್, ಚಾರ್ಲ್ಸ್ ಸಾಲಿಸ್ ಎಂಬಿಬ್ಬರು ಸಹೋದ್ಯೋಗಿಗಳ ನೆರವಿನಿಂದ ಮಿಸಿಸಿಪ್ಪಿಯ ಇತಿಹಾಸದ ಹೊಸ ಪಠ್ಯಪುಸ್ತಕವೊಂದನ್ನು ಸಿದ್ಧಪಡಿಸಿದರು. ರಾಜ್ಯದ ಪರಿಶೀಲನ ಸಮಿತಿಯಲ್ಲಿ ಕರಿಯ ಸದಸ್ಯರು ಅದನ್ನು ಒಪ್ಪಿದರು, ಬಿಳಿಯ ಸದಸ್ಯರು ನಿರಾಕರಿಸಿದರು; ಅನುಮತಿ ದೊರೆಯಲಿಲ್ಲ. ಗುಂಪು ಸೇರಿ ಕರಿಯನೊಬ್ಬನನ್ನು ಕೊಂದ ದೃಶ್ಯದ ಛಾಯಾಚಿತ್ರವು ಪುಸ್ತಕದಲ್ಲಿದ್ದುದು ಆಕ್ಷೇಪಗಳಲ್ಲೊಂದು. ಲೇಖಕರು ನ್ಯಾಯಾಲಯಕ್ಕೆ ಹೋದರು. ೧೯೮೦ರಲ್ಲಿ ತೀರ್ಪು ಅವರ ಪರವಾಗಿ ಬಂದು, ಪುಸ್ತಕವನ್ನು ಅಂಗೀಕೃತ ಪಟ್ಟಿಯಲ್ಲಿ ಸೇರಿಸಬೇಕೆಂದು ಆಜ್ಞೆಯಾಯಿತು. ಶಾಲೆಯ ಇತಿಹಾಸ ಪುಸ್ತಕವೊಂದು ಮಕ್ಕಳನ್ನು ಮುಟ್ಟಲು ವರ್ಷಗಟ್ಟಲೆ ವ್ಯಾಜ್ಯ ಬೇಕಾಯಿತು.

ಆದರೆ ಒಂದು ಕಥೆಯನ್ನು ತೆಗೆದು ಮತ್ತೊಂದು ಕಥೆಯನ್ನು ಅದರ ಜಾಗದಲ್ಲಿಟ್ಟರೆ ಸಾಕೆ? ಮೊದಲನೆಯದನ್ನು ಬಾಯಿಪಾಠ ಮಾಡಿದ ಮಗು ಎರಡನೆಯದನ್ನೂ ಬಾಯಿಪಾಠ ಮಾಡೀತು. ಪಠ್ಯಪುಸ್ತಕ ಸುಳ್ಳು ಹೇಳಿದಾಗ ಅದನ್ನು ಕಂಡುಹಿಡಿಯುವ ಶಕ್ತಿ ಮಾತ್ರ ಅದಕ್ಕೆ ಬಂದಿರುವುದಿಲ್ಲ. ಈ ಯೋಚನೆಯಿಂದ ಹೊರಟದ್ದು ಮೂಲ ದಾಖಲೆಗಳ ಮೂಲಕ ಪಾಠ ಹೇಳುವ ಕ್ರಮ. ೧೯೬೦ರ ದಶಕದಲ್ಲಿ ಅಮ್ಹರ್ಸ್ಟಿನಲ್ಲಿ ಸಿದ್ಧವಾದ ಪಾಠಗಳು ಇದಕ್ಕೆ ಒಳ್ಳೆಯ ಉದಾಹರಣೆ. ೧೭೭೫ರ ಏಪ್ರಿಲ್ ೧೯ರಂದು ಲೆಕ್ಸಿಂಗ್ಟನ್ನಿನ ಮೈದಾನದಲ್ಲಿ ಮೊದಲ ಗುಂಡನ್ನು ಹಾರಿಸಿದವರು ಯಾರು ಎಂಬ ಪ್ರಶ್ನೆಯನ್ನೆತ್ತಿ, ವಸಾಹತಿನ ಸೈನಿಕರ ಪ್ರಮಾಣ ಹೇಳಿಕೆಗಳನ್ನೂ ಬ್ರಿಟಿಷ್ ಅಧಿಕಾರಿಯ ದಿನಚರಿಯನ್ನೂ ಮಕ್ಕಳ ಮುಂದಿಟ್ಟು ತೂಗಿ ನೋಡಲು ಹೇಳುವುದು ಅಂಥ ಪಾಠ. ೧೯೭೩ರಿಂದ ಪ್ರೌಢಶಾಲೆಯ ಉನ್ನತ ಪರೀಕ್ಷೆಯಲ್ಲಿ ದಾಖಲೆಗಳನ್ನು ಕೊಟ್ಟು ಪ್ರಬಂಧ ಬರೆಯಿಸುವ ಪದ್ಧತಿ ಸೇರಿತು. ತರುವಾಯ ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್, ಇತಿಹಾಸಜ್ಞರು ದಾಖಲೆಯನ್ನು ಓದುವ ಬಗೆಯನ್ನು ಪರೀಕ್ಷಿಸಿ ಅದನ್ನು ಸರಳವಾದ ಕೆಲವು ಪ್ರಶ್ನೆಗಳಾಗಿ ವಿಂಗಡಿಸಿಕೊಟ್ಟನು. ಇದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ? ಆಗಿನ ಪರಿಸ್ಥಿತಿ ಏನು? ಬೇರೆ ದಾಖಲೆ ಇದನ್ನು ಸಮರ್ಥಿಸುವುದೋ ಅಲ್ಲಗಳೆಯುವುದೋ?

ಪುನರ್ರಚನೆಯ ಅಧ್ಯಾಯಕ್ಕೆ ಈ ಕ್ರಮ ಹೇಗೆ ಹೊಂದುತ್ತದೆಂಬುದನ್ನು ಒಂದು ಪತ್ರದಿಂದ ತಿಳಿಯಬಹುದು. ಟೆನೆಸ್ಸೀ ರಾಜ್ಯದ ಕರ್ನಲ್ ಪಿ. ಎಚ್. ಆಂಡರ್ಸನನಲ್ಲಿ ಗುಲಾಮನಾಗಿದ್ದ ಜೋರ್ಡನ್ ಆಂಡರ್ಸನನು ಯುದ್ಧದ ಕಾಲದಲ್ಲಿ ಬಿಡುಗಡೆ ಹೊಂದಿ, ಒಹಾಯೋ ರಾಜ್ಯದ ಡೇಟನ್ ಪಟ್ಟಣದಲ್ಲಿ ನೆಲೆಸಿದ್ದನು. ಹಳೆಯ ಒಡೆಯನು ಅವನನ್ನು ಹಿಂದಿರುಗಿ ಬರುವಂತೆ ಕರೆದನು. ೧೮೬೫ರ ಆಗಸ್ಟಿನಲ್ಲಿ ಜೋರ್ಡನ್ ಅದಕ್ಕೆ ಉತ್ತರ ಕೊಟ್ಟನು. ತಾನೀಗ ತಿಂಗಳಿಗೆ ಇಪ್ಪತ್ತೈದು ಡಾಲರ್ ಸಂಪಾದಿಸುತ್ತಿರುವೆನು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ ಎಂದು ವಿನಯದಿಂದಲೇ ತಿಳಿಸುತ್ತಾನೆ. ಒಡೆಯನ ಮಾತಿನ ಪ್ರಾಮಾಣಿಕತೆಯನ್ನು ಪರೀಕ್ಷಿಸಲು, ತಾನು ಮೂವತ್ತೆರಡು ವರ್ಷ, ಹೆಂಡತಿ ಮ್ಯಾಂಡಿ ಇಪ್ಪತ್ತು ವರ್ಷ ದುಡಿದುದರ ಕೂಲಿಯನ್ನು ಮೊದಲು ಕಳುಹಿಸಬೇಕೆಂದು ಕೇಳುತ್ತಾನೆ. ತನಗೆ ತಿಂಗಳಿಗೆ ಇಪ್ಪತ್ತೈದು ಡಾಲರ್, ಹೆಂಡತಿಗೆ ವಾರಕ್ಕೆ ಎರಡು ಡಾಲರ್ ಲೆಕ್ಕದಲ್ಲಿ ಒಟ್ಟು ೧೧,೬೮೦ ಡಾಲರ್. ಅದರ ಮೇಲೆ ಬಡ್ಡಿ. ಅದರಲ್ಲಿ ಬಟ್ಟೆಯ ಖರ್ಚನ್ನೂ, ವೈದ್ಯನು ಮೂರು ಸಲ ಬಂದುದನ್ನೂ, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದನ್ನೂ ಕಳೆದುಕೊಳ್ಳಬಹುದೆಂದು ಒಪ್ಪುತ್ತಾನೆ. ಬೆಳೆದ ಹೆಣ್ಣುಮಕ್ಕಳಿಗೆ ಅಲ್ಲಿ ರಕ್ಷಣೆಯುಂಟೆ ಎಂದು ವಿಚಾರಿಸುತ್ತಾನೆ. ತನ್ನ ಮೇಲೆ ಒಡೆಯನು ಗುಂಡು ಹಾರಿಸುತ್ತಿದ್ದಾಗ ಪಿಸ್ತೂಲನ್ನು ಕಿತ್ತುಕೊಂಡ ಪುಣ್ಯಾತ್ಮನಿಗೆ ನಮಸ್ಕಾರ ತಿಳಿಸಿ ಕಾಗದವನ್ನು ಮುಗಿಸುತ್ತಾನೆ.

ಕಾಗದವನ್ನು ಓದಿ ತರಗತಿಯ ಮಕ್ಕಳು ನಗುತ್ತಾರೆ. ಲೆಕ್ಕವನ್ನು ತಾವೇ ಹಾಕಿ ನೋಡಿದಾಗ ನಗು ನಿಲ್ಲುತ್ತದೆ. ಆಮೇಲೆ ಉಪಾಧ್ಯಾಯನು ಪ್ರಶ್ನೆಗಳನ್ನೆತ್ತುತ್ತಾನೆ. ಇದನ್ನು ಜೋರ್ಡನ್ ಸ್ವಹಸ್ತದಿಂದ ಬರೆಯಲಿಲ್ಲ, ಹೇಳಿ ಬರೆಸಿದನು. ಮೊದಲು ಪ್ರಕಟವಾದದ್ದು ಉತ್ತರದ ವೃತ್ತಪತ್ರಿಕೆಯಲ್ಲಿ. ಹಾಗಾದರೆ ಬರೆದುಕೊಂಡವನ ಮಾತೆಷ್ಟು, ಜೋರ್ಡನನ ಮಾತೆಷ್ಟು? ಅಂಥ ಮನುಷ್ಯನೊಬ್ಬ ನಿಜವಾಗಿಯೂ ಇದ್ದನೆ? ಡೇಟನ್ನಿನ ಜನಗಣತಿಯ ಪಟ್ಟಿಯಲ್ಲಿ ಅವನ ಹೆಸರಿರುವುದನ್ನು ವಿದ್ಯಾರ್ಥಿಗಳು ಕಾಣುತ್ತಾರೆ. ಹೀಗೆ ಸಂದೇಹಪಡುವುದನ್ನೂ, ಸಂದೇಹವನ್ನು ಆಧಾರದಿಂದ ಪರಿಹರಿಸಿಕೊಳ್ಳುವುದನ್ನೂ ಅವರು ಒಟ್ಟಿಗೆ ಕಲಿಯುತ್ತಾರೆ. ಇದರ ಪಕ್ಕದಲ್ಲಿ ಮಿಸಿಸಿಪ್ಪಿಯ ಶಾಸನಸಭೆ ಅದೇ ವರ್ಷದ ನವೆಂಬರಿನಲ್ಲಿ ಮಾಡಿದ ಕಾನೂನನ್ನಿಡಬೇಕು. ಪ್ರತಿ ಜನವರಿಯಲ್ಲಿ ಪ್ರತಿಯೊಬ್ಬ ಬಿಡುಗಡೆ ಹೊಂದಿದ ಕರಿಯನೂ ತನಗೆ ಮನೆಯೂ ಉದ್ಯೋಗವೂ ಇರುವುದಕ್ಕೆ ಲಿಖಿತ ಸಾಕ್ಷ್ಯವನ್ನು ತೋರಿಸಬೇಕೆಂದು ಅದು ವಿಧಿಸಿತು. ಅಲೆಮಾರಿಯೆಂದು ನಿರ್ಣಯವಾದವನು ದಂಡ ತೆರದೆ ಹೋದರೆ ಅವನ ದುಡಿಮೆಯನ್ನೇ ಇತರರಿಗೆ ಒಪ್ಪಿಸಲು ಅವಕಾಶವಿತ್ತು. ಇವೆರಡನ್ನೂ ಓದಿದ ವಿದ್ಯಾರ್ಥಿಗೆ, ಕಾಂಗ್ರೆಸ್ಸು ಮರುವರ್ಷ ಪೌರಹಕ್ಕುಗಳ ಕಾನೂನನ್ನು ಏಕೆ ಮಾಡಿತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ‘ಸೇಡು’ ಎಂಬ ಹಳೆಯ ಪುಸ್ತಕದ ಮಾತು ನಿಲ್ಲುವುದೋ ಇಲ್ಲವೋ ಅವನೇ ತೀರ್ಮಾನಿಸಬಲ್ಲ.

೪. ಕ್ರಮಕ್ಕಿರುವ ಅಡ್ಡಿಗಳು

ಇಂಥ ಪಾಠಕ್ಕೆ ಸಮಯ ಬೇಕು. ಕೊಲಂಬಸನ ೧೪೯೨ರಿಂದ ಇಂದಿನ ವರೆಗಿನ ಕಥೆಯನ್ನು ಒಂದು ವರ್ಷದಲ್ಲಿ ಮುಗಿಸಬೇಕಾದ ಉಪಾಧ್ಯಾಯನು ಒಂದು ಕಾಗದಕ್ಕೆ ಎರಡು ದಿನ ಕೊಡುವುದೆಂತು? ೨೦೦೨ರ ಆರಂಭದಲ್ಲಿ ಜಾರಿಗೆ ಬಂದ ಕೇಂದ್ರದ ಶಿಕ್ಷಣ ಕಾನೂನು ಓದು ಮತ್ತು ಗಣಿತಗಳ ಪರೀಕ್ಷೆಗೆ ಪ್ರಾಶಸ್ತ್ಯ ಕೊಟ್ಟುದರಿಂದ ಕೆಳಗಿನ ತರಗತಿಗಳಲ್ಲಿ ಇತಿಹಾಸದ ವೇಳೆ ಕುಗ್ಗಿತು. ೨೦೨೨ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅಮೆರಿಕದ ಇತಿಹಾಸದಲ್ಲಿ ಪ್ರಾವೀಣ್ಯ ತೋರಿದ ಎಂಟನೆಯ ತರಗತಿಯ ವಿದ್ಯಾರ್ಥಿಗಳು ನೂರಕ್ಕೆ ಹದಿಮೂರು ಮಂದಿ ಮಾತ್ರ.

ಮತ್ತೊಂದು ಅಡ್ಡಿ ರಾಜಕೀಯದ್ದು. ೧೯೯೪ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಗ್ಯಾರಿ ನ್ಯಾಷ್ ಮೊದಲಾದವರು ಇತಿಹಾಸ ಬೋಧನೆಗೆ ರಾಷ್ಟ್ರೀಯ ಮಾದರಿಯೊಂದನ್ನು ಸಿದ್ಧಪಡಿಸಿದರು. ಆ ಕೆಲಸಕ್ಕೆ ಹಣವನ್ನು ಮಂಜೂರುಮಾಡಿದ್ದ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಲಿನ್ ಚೇನಿಯೇ, ವಾಷಿಂಗ್‌ಟನ್ನನಿಗೆ ಅದರಲ್ಲಿ ಸ್ಥಾನ ಸಾಲದೆಂದೂ, ಗುಲಾಮರನ್ನು ಪಾರುಗಾಣಿಸಿದ ಹ್ಯಾರಿಯೆಟ್ ಟಬ್‌ಮನ್ನಳ ಹೆಸರು ಆರು ಸಲ ಬಂದಿದೆಯೆಂದೂ ಬರೆದು ವಿರೋಧವನ್ನೆಬ್ಬಿಸಿದಳು. ೧೯೯೫ರ ಜನವರಿಯಲ್ಲಿ ಸೆನೆಟ್ ಸಭೆ ಅದನ್ನು ೯೯–೧ ಮತಗಳಿಂದ ಖಂಡಿಸಿತು. ಪರಿಷ್ಕೃತ ರೂಪ ೧೯೯೬ರಲ್ಲಿ ಬಂತು. ೨೦೧೯ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಆಫ್ರಿಕಾದ ಗುಲಾಮರು ವರ್ಜೀನಿಯಾ ತೀರಕ್ಕೆ ಬಂದ ೧೬೧೯ನೆಯ ವರ್ಷವನ್ನೇ ದೇಶಚರಿತ್ರೆಯ ಆದಿಯೆಂದು ಗಣಿಸಿ ಲೇಖನಮಾಲೆಯನ್ನು ಪ್ರಕಟಿಸಿತು. ಅದಕ್ಕೆ ಪ್ರತ್ಯುತ್ತರವೆಂಬಂತೆ ೧೭೭೬ನೆಯ ವರ್ಷದ ಹೆಸರಿನ ಅಧ್ಯಕ್ಷೀಯ ಆಯೋಗವೊಂದು ೨೦೨೦ರಲ್ಲಿ ನೇಮಕವಾಗಿ, ೨೦೨೧ರ ಜನವರಿಯಲ್ಲಿ ರದ್ದಾಗಿ, ೨೦೨೫ರ ಜನವರಿಯ ಆಜ್ಞೆಯಿಂದ ಪುನಃ ಜೀವ ಪಡೆಯಿತು. ೨೦೨೧ರಿಂದೀಚೆಗೆ ಹಲವು ರಾಜ್ಯಗಳು ಜನಾಂಗಭೇದದ ವಿಷಯವನ್ನು ತರಗತಿಯಲ್ಲಿ ಹೇಗೆ ಚರ್ಚಿಸಬಾರದೆಂದು ಕಾನೂನು ಮಾಡಿವೆ.

ವಿರೋಧಿಗಳ ಪಕ್ಷದಲ್ಲಿಯೂ ವಿಚಾರಮಾಡತಕ್ಕ ಅಂಶವಿದೆ. ನಾನಾ ದೇಶಗಳಿಂದ ಬಂದವರು ಸೇರಿ ಆದ ರಾಷ್ಟ್ರಕ್ಕೆ ಎಲ್ಲರೂ ತಮ್ಮದೆನ್ನಬಹುದಾದ ಕಥೆಯೊಂದು ಬೇಕು. ಬರಿಯ ಪಾಪಗಳ ಪಟ್ಟಿಯಿಂದ ಮಕ್ಕಳಲ್ಲಿ ದೇಶದ ಮೇಲೆ ಮಮತೆ ಹುಟ್ಟದು ಎಂಬ ಅವರ ಮಾತು ಸುಳ್ಳಲ್ಲ. ಆದರೆ ಪುನರ್ರಚನೆಯ ಅಧ್ಯಾಯವೇ ಇದಕ್ಕೆ ಉತ್ತರವಾಗಿದೆ. ನಿನ್ನೆಯ ವರೆಗೆ ಮಾರಾಟದ ವಸ್ತುವಾಗಿದ್ದ ಮನುಷ್ಯನು ಇಂದು ಶಾಸನಸಭೆಯಲ್ಲಿ ಕುಳಿತು ಎಲ್ಲರ ಮಕ್ಕಳಿಗೂ ಶಾಲೆ ಬೇಕೆಂದು ಮತ ಕೊಟ್ಟುದಕ್ಕಿಂತ ಹೆಮ್ಮೆಯ ಸಂಗತಿ ಆ ದೇಶದ ಚರಿತ್ರೆಯಲ್ಲಿ ಎಷ್ಟಿವೆ? ಹಳೆಯ ಪುಸ್ತಕಗಳು ದೇಶಾಭಿಮಾನದ ಹೆಸರಿನಲ್ಲಿ ಮುಚ್ಚಿಟ್ಟದ್ದು ದೇಶದ ಅಪಮಾನವನ್ನು ಮಾತ್ರವಲ್ಲ, ಅದರ ದೊಡ್ಡತನವನ್ನೂ ಮುಚ್ಚಿಟ್ಟವು.

ಕೋಲಾಹಲದ ನಡುವೆ ತರಗತಿಯ ನಿಜಸ್ಥಿತಿ ಹೇಗಿದೆಯೆಂದು ಅಮೆರಿಕದ ಇತಿಹಾಸ ಪರಿಷತ್ತು ಒಂಬತ್ತು ರಾಜ್ಯಗಳ ಮೂರು ಸಾವಿರಕ್ಕೂ ಹೆಚ್ಚು ಉಪಾಧ್ಯಾಯರನ್ನು ವಿಚಾರಿಸಿ ೨೦೨೪ರಲ್ಲಿ ವರದಿಯನ್ನು ಪ್ರಕಟಿಸಿತು. ಉಪಾಧ್ಯಾಯರು ಯಾವುದೋ ಪಕ್ಷದ ಮತವನ್ನು ಮಕ್ಕಳಿಗೆ ಹೇರುತ್ತಿದ್ದಾರೆಂಬ ಆರೋಪಕ್ಕೆ ಅದರಲ್ಲಿ ಆಧಾರ ದೊರೆಯಲಿಲ್ಲ. ಪಠ್ಯಪುಸ್ತಕವನ್ನು ಬದಿಗಿಟ್ಟು, ರಾಷ್ಟ್ರೀಯ ಸಂಗ್ರಹಾಲಯ, ದಾಖಲೆಭಂಡಾರಗಳು ಉಚಿತವಾಗಿ ಒದಗಿಸುವ ಸಾಮಗ್ರಿಯನ್ನು ಬಳಸುವವರೇ ಹೆಚ್ಚೆಂದು ತಿಳಿದುಬಂತು.

೫. ಭಾರತೀಯರಿಗೆ ಇದರ ಸಂಬಂಧ

ಈ ಅಧ್ಯಾಯ ಭಾರತೀಯರಿಗೆ ದೂರದ್ದೆಂದು ತೋರಬಹುದು. ಆದರೆ ಅಮೆರಿಕದಲ್ಲಿ ನೆಲೆಸಿದ ಭಾರತೀಯ ಕುಟುಂಬಗಳ ಬಾಳು ಇದರ ಮೇಲೆ ನಿಂತಿದೆ. ೧೯೨೩ರಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯನು ಬಿಳಿಯನಲ್ಲವಾದ್ದರಿಂದ ಅರ್ಜಿ ಸಲ್ಲಿಸಿ ಪೌರತ್ವ ಪಡೆಯುವ ಹಕ್ಕು ಅವನಿಗಿಲ್ಲವೆಂದು ತೀರ್ಮಾನಿಸಿತು. ಆ ಹಕ್ಕು ದೊರೆತದ್ದು ೧೯೪೬ರಲ್ಲಿ. ವಲಸೆಯ ಬಾಗಿಲು ವಿಶಾಲವಾಗಿ ತೆರೆದದ್ದು ೧೯೬೫ರ ಕಾನೂನಿನಿಂದ. ಆ ವರ್ಷ ವಲಸೆಯ ಕಾನೂನಿನ ಜೊತೆಗೇ ಕರಿಯರ ಮತದ ಹಕ್ಕನ್ನು ಮರಳಿ ಕೊಡಿಸಿದ ಕಾನೂನೂ ಜಾರಿಯಾಯಿತು. ಎರಡೂ ಪೌರಹಕ್ಕುಗಳ ಒಂದೇ ಚಳವಳಿಯ ಕಾಲದವು.

ಹುಟ್ಟಿನಿಂದ ಬರುವ ಪೌರತ್ವದ ಕಥೆ ಇನ್ನೂ ಹಿಂದಿನದು. ೧೮೯೮ರಲ್ಲಿ ಚೀನೀ ತಂದೆತಾಯಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ವಾಂಗ್ ಕಿಮ್ ಆರ್ಕ್ ಎಂಬುವನು ಅಮೆರಿಕದ ಪೌರನೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಹದಿನಾಲ್ಕನೆಯ ತಿದ್ದುಪಡಿಯ ಆಧಾರದಿಂದ. ತಂದೆತಾಯಿಗಳಿಗೆ ಪೌರತ್ವವಿಲ್ಲದಿದ್ದರೂ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಹುಟ್ಟಿದ ಕನ್ನಡದ ಕೂಸು ಪೌರನೆನಿಸಿಕೊಂಡು ಬಂದದ್ದು, ಬಿಡುಗಡೆ ಹೊಂದಿದ ಗುಲಾಮರಿಗಾಗಿ ೧೮೬೮ರಲ್ಲಿ ಬರೆದ ಆ ಒಂದು ವಾಕ್ಯದ ಬಲದಿಂದ. ೨೦೨೫ರ ಜನವರಿಯಲ್ಲಿ ಅಧ್ಯಕ್ಷೀಯ ಆಜ್ಞೆಯೊಂದು ಈ ಹಕ್ಕನ್ನು ಮೊಟಕುಗೊಳಿಸಲು ಹೊರಟಾಗ ನ್ಯಾಯಾಲಯಗಳಲ್ಲಿ ವಾದಕ್ಕೆ ಬಂದದ್ದೂ ಅದೇ ವಾಕ್ಯ. ಪುನರ್ರಚನೆಯೆಂದರೆ ಸೇಡು, ಲೂಟಿ, ಅವಿವೇಕ ಎಂದು ಶಾಲೆಯಲ್ಲಿ ಕಲಿತವನಿಗೆ ಆ ವಾಕ್ಯವೂ ಅವಿವೇಕದ ಫಲವಾಗಿಯೇ ಕಂಡೀತು. ಜೋರ್ಡನ್ ಆಂಡರ್ಸನನ ಲೆಕ್ಕವನ್ನು ಹಾಕಿ ನೋಡಿದವನಿಗೆ ಅದರ ಬೆಲೆ ತಿಳಿದಿರುತ್ತದೆ.

ತಮ್ಮ ನಾಡಿನ ಹೊರಗೆ ಮಕ್ಕಳನ್ನು ಓದಿಸುವ ಕನ್ನಡಿಗರಿಗೆ, ಶಾಲೆಯ ಪುಸ್ತಕದಲ್ಲಿ ‘ನಾವು’ ಎಂದರೆ ಯಾರು ಎಂಬ ಪ್ರಶ್ನೆ ಹೊಸದಲ್ಲ. ಅಮೆರಿಕದ ಅನುಭವದಿಂದ ಕಾಣುವುದಿಷ್ಟು: ಆ ‘ನಾವು’ ಎಂಬುದರಿಂದ ಒಂದು ಜನವರ್ಗವನ್ನು ಪುಸ್ತಕವು ಬಿಟ್ಟಾಗ, ಕಾನೂನು ಕೂಡ ಅವರನ್ನು ಬಿಡಲು ಹೆಚ್ಚು ಕಾಲ ಹಿಡಿಯುವುದಿಲ್ಲ, ಪುಸ್ತಕವನ್ನು ತಿದ್ದುವುದಕ್ಕೆ ಮಾತ್ರ ತಲೆಮಾರುಗಳೇ ಹಿಡಿಯುತ್ತವೆ. ಆದಕಾರಣ ಮಗುವಿನ ಕೈಯಲ್ಲಿ ಪುಸ್ತಕವನ್ನಿಡುವಾಗಲೇ, ಆ ಪುಸ್ತಕವನ್ನು ಪ್ರಶ್ನಿಸುವ ವಿದ್ಯೆಯನ್ನೂ ಕಲಿಸಬಲ್ಲ ಉಪಾಧ್ಯಾಯನನ್ನು ಉಳಿಸಿಕೊಳ್ಳುವುದು ಸಮಾಜದ ಕರ್ತವ್ಯವಾಗುತ್ತದೆ.